ಓರೆಯಾಗಿ ನಿಂತ ದಪ್ಪಕ್ಷರದ ಒಡೆಯ ಯಾರು?

ಸರ್ಕಸ್ಸಿನ ಭಿತ್ತಿಪತ್ರ, ಮೋಟಾರು ಬಿಡಿಭಾಗಗಳ ಅಂಗಡಿಯ ಫಲಕ, ಆಟಗಾರರ ಅಂಗಿಯ ಮೇಲಿನ ತಂಡದ ಹೆಸರು - ಇಂಥ ಕಡೆಗಳಲ್ಲಿ ಒಂದು ಬಗೆಯ ಇಂಗ್ಲಿಷ್ ಅಕ್ಷರವನ್ನು ನಾವೆಲ್ಲ ನೋಡಿರುತ್ತೇವೆ. ಮೈ ಬಹಳ ದಪ್ಪ. ಗೆರೆಗಳ ಕೊನೆಯಲ್ಲಿ, ತಲೆಗೂ ಪಾದಕ್ಕೂ, ಚಪ್ಪಡಿ ಕಲ್ಲು ಇಟ್ಟಂತೆ ಚೌಕಾಕಾರದ ಅಡ್ಡಪಟ್ಟಿ. ಇಷ್ಟಲ್ಲದೆ ಇಡೀ ಅಕ್ಷರ ಬಲಕ್ಕೆ ವಾಲಿರುತ್ತದೆ. ತುಂಬಿದ ಮೂಟೆ ಹೊತ್ತವನು ಓಡಲು ಹೊರಟಂತೆ. ಮುದ್ರಣದವರು ಇದನ್ನು ಬೋಲ್ಡ್ ಇಟಾಲಿಕ್ ಸ್ಲ್ಯಾಬ್ ಸೆರಿಫ್ ಎನ್ನುತ್ತಾರೆ. ಸೆರಿಫ್ ಎಂದರೆ ಗೆರೆಯ ತುದಿಯಲ್ಲಿರುವ ಚಾಚು. ಅದು ಚಪ್ಪಡಿಯಷ್ಟು ದಪ್ಪವಾದಾಗ ಸ್ಲ್ಯಾಬ್. ಪುಸ್ತಕದ ಒಳಪುಟಗಳಲ್ಲಿ ಇದನ್ನು ಬಳಸುವಂತಿಲ್ಲ. ಎರಡು ಪುಟ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ದೂರದಿಂದ ಕಾಣಬೇಕಾದ ನಾಲ್ಕು ಪದಗಳಿಗೆ ಮಾತ್ರ ಹುಟ್ಟಿದ ಅಕ್ಷರವಿದು.

ಈ ಒಂದೇ ಅಕ್ಷರದಲ್ಲಿ ಎರಡು ಬೇರೆ ಬೇರೆ ವಂಶಗಳು ಕೂಡಿವೆ. ಓರೆ ಬಂದದ್ದು 16ನೆಯ ಶತಮಾನದ ಆರಂಭದ ವೆನಿಸ್ಸಿನಿಂದ. ದಪ್ಪವೂ ಚಪ್ಪಡಿಯೂ ಬಂದದ್ದು 19ನೆಯ ಶತಮಾನದ ಲಂಡನ್ನಿನಿಂದ. ಎರಡೂ ಕಡೆ ಅಕ್ಷರ ಹುಟ್ಟಿದ ಸ್ವಲ್ಪ ದಿನಕ್ಕೇ ಒಂದು ವ್ಯಾಜ್ಯ ಎದ್ದಿತು: ಅಕ್ಷರದ ಆಕಾರಕ್ಕೆ ಒಡೆಯ ಯಾರು? ಕೆತ್ತಿದವನೇ, ಕೆತ್ತಿಸಿದವನೇ, ಕೊಂಡು ಅಚ್ಚು ಹಾಕಿದವನೇ, ಅಥವಾ ಯಾರೂ ಅಲ್ಲವೇ? ಆ ವ್ಯಾಜ್ಯ ಪೂರ್ತಿ ತೀರಿದೆ ಎನ್ನುವಂತಿಲ್ಲ.

ಮೊದಲು ಓರೆಯ ಕಥೆ. ವೆನಿಸ್ಸಿನ ಆಲ್ಡಸ್ ಮನೂಷಿಯಸ್ ವಿದ್ವಾಂಸ. ಗ್ರೀಕ್ ಗ್ರಂಥಗಳನ್ನು ಉಳಿಸಬೇಕೆಂದು ಅಚ್ಚುಕೂಟ ಹಾಕಿದವನು. 1501ರಲ್ಲಿ ಅವನು ರೋಮನ್ ಕವಿ ವರ್ಜಿಲನ ಕೃತಿಗಳನ್ನು ಕೈಯಲ್ಲಿ ಹಿಡಿದು ಓಡಾಡಬಹುದಾದ ಪುಟ್ಟ ಗಾತ್ರದಲ್ಲಿ ಹೊರತಂದ. ಅದರಲ್ಲಿ ಬಳಸಿದ್ದು ಆವರೆಗೆ ಯಾವ ಪುಸ್ತಕವನ್ನೂ ಇಡಿಯಾಗಿ ಅಚ್ಚು ಹಾಕಿರದ ಹೊಸ ಮೊಳೆ. ಆ ಕಾಲದ ಇಟಲಿಯ ವಿದ್ಯಾವಂತರು ಟಿಪ್ಪಣಿ ಬರೆದುಕೊಳ್ಳುತ್ತಿದ್ದ ವೇಗದ ಕೈಬರಹವನ್ನು ಲೋಹಕ್ಕೆ ಇಳಿಸಿದ್ದು ಅದು. ಲೇಖನಿ ಓಡುವಾಗ ಅಕ್ಷರ ಸಹಜವಾಗಿ ಬಲಕ್ಕೆ ವಾಲುತ್ತದೆ, ಕಿರಿದಾಗುತ್ತದೆ, ಒಂದರ ಬಾಲ ಇನ್ನೊಂದರ ಕಡೆಗೆ ಚಾಚುತ್ತದೆ. ಇಟಲಿಯದಾದ್ದರಿಂದ ಇಟಾಲಿಕ್ ಎಂಬ ಹೆಸರು ಮುಂದೆ ಬಂತು. ಆಗ ವಾಲಿದ್ದು ಚಿಕ್ಕಕ್ಷರಗಳು ಮಾತ್ರ. ದೊಡ್ಡಕ್ಷರಗಳನ್ನು, ಎಂದರೆ ಕ್ಯಾಪಿಟಲ್‌ಗಳನ್ನು, ನೆಟ್ಟಗೇ ನಿಲ್ಲಿಸಿದ್ದರು. ಅವುಗಳ ಮೂಲ ರೋಮಿನ ಶಿಲಾಶಾಸನ. ಕಲ್ಲಿನ ಮೇಲಿನ ಅಕ್ಷರವನ್ನು ಓರೆ ಮಾಡಬೇಕೆಂದು ಆಗ ಅವರಿಗೆ ತೋರಿರಲಿಲ್ಲ.

ಆ ಮೊಳೆಯನ್ನು ಕೆತ್ತಿದವನು ಆಲ್ಡಸ್ ಅಲ್ಲ, ಬೊಲೋನಿಯಾದ ಫ್ರಾನ್ಸೆಸ್ಕೊ ಗ್ರಿಫೊ. ಕೆತ್ತುವುದು ಎಂದರೆ ಏನೆಂದು ಇಲ್ಲಿ ಹೇಳಬೇಕು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ, ಅರ ಮತ್ತು ಉಳಿಯಿಂದ ತಿದ್ದಬೇಕು. ಅದನ್ನು ಹದಗೊಳಿಸಿ ತಾಮ್ರದ ತುಂಡಿಗೆ ಹೊಡೆದರೆ ಮಾತೃಕೆ ಸಿದ್ಧ. ಮಾತೃಕೆಗೆ ಸೀಸದ ಮಿಶ್ರಲೋಹ ಎರೆದರೆ ಮೊಳೆ. ಒಂದು ಅಕ್ಷರಕ್ಕೆ ಒಂದು ಉಕ್ಕಿನ ಅಚ್ಚು. ಒಂದು ಪೂರ್ಣ ಜೊತೆಗೆ ನೂರಕ್ಕೂ ಹೆಚ್ಚು. ಚಿನಿವಾರನ ಕೈ, ಅಕ್ಷರ ಬಲ್ಲವನ ಕಣ್ಣು ಎರಡೂ ಒಬ್ಬನಲ್ಲೇ ಇರಬೇಕಾದ ಕೆಲಸ.

ಆಲ್ಡಸ್ ಉಪಕಾರಗೇಡಿಯೇನೂ ಅಲ್ಲ. ವರ್ಜಿಲ್ ಪುಸ್ತಕದಲ್ಲಿಯೇ ಬೊಲೋನಿಯಾದ ಫ್ರಾನ್ಸೆಸ್ಕೊನ ಕೈಚಳಕವನ್ನು ಹೊಗಳಿದ ಮಾತುಗಳಿವೆ. ಆದರೆ ಹೊಸ ಅಕ್ಷರವನ್ನು ಬೇರೆಯವರು ಬಳಸದಂತೆ ವೆನಿಸ್ಸಿನ ಸರ್ಕಾರದಿಂದ ವಿಶೇಷ ಹಕ್ಕು ಪಡೆದಾಗ ಅದು ಆಲ್ಡಸನ ಹೆಸರಿಗೇ ಬಂತು. ಆ ಮೇಲೆ ಪೋಪರ ರಕ್ಷಣೆಯೂ ಸಿಕ್ಕಿತು. ಅಂದರೆ ಗ್ರಿಫೊ ತಾನೇ ಕಂಡುಕೊಂಡ ಆಕಾರವನ್ನು ವೆನಿಸ್ಸಿನಲ್ಲಿ ಇನ್ನೊಬ್ಬರಿಗೆ ಕೆತ್ತಿಕೊಡುವ ಹಾಗಿರಲಿಲ್ಲ. ಅವನು ಊರು ಬಿಟ್ಟ. 1503ರಲ್ಲಿ ಫಾನೊ ಪಟ್ಟಣದ ಮುದ್ರಕ ಗೆರ್ಶೊಮ್ ಸೊಂಚಿನೊ ತನ್ನ ಪುಸ್ತಕವೊಂದರ ಅರ್ಪಣೆಯಲ್ಲಿ, ಈ ಬರಹವನ್ನು ಕಂಡುಹಿಡಿದವನು ಫ್ರಾನ್ಸೆಸ್ಕೊ, ಕೀರ್ತಿ ಪಡೆದವನು ಬೇರೆ ಎಂಬರ್ಥದ ಮಾತನ್ನು ನೇರವಾಗಿ ಬರೆದ. ಗ್ರಿಫೊನ ಮುಂದಿನ ಬದುಕು ನೆಮ್ಮದಿಯದಲ್ಲ. ಆಲ್ಡಸ್ ತೀರಿಕೊಂಡ ಮರುವರ್ಷ, 1516ರಲ್ಲಿ, ಬೊಲೋನಿಯಾದಲ್ಲಿ ತಾನೇ ಪುಟ್ಟ ಪುಸ್ತಕಗಳನ್ನು ಅಚ್ಚು ಹಾಕತೊಡಗಿದ. ಅದೇ ಕಾಲದಲ್ಲಿ ಜಗಳವೊಂದರಲ್ಲಿ ಅಳಿಯನನ್ನು ಕಬ್ಬಿಣದ ಸರಳಿನಿಂದ ಹೊಡೆದು ಕೊಂದ ಆರೋಪ ಅವನ ಮೇಲೆ ಬಂತು. 1518ರ ಹೊತ್ತಿಗೆ ಅವನು ಬದುಕಿರಲಿಲ್ಲ.

ವಿಶೇಷ ಹಕ್ಕಿನಿಂದ ಆಲ್ಡಸನಿಗಾದರೂ ಲಾಭವಾಯಿತೇ ಎಂದರೆ ಅದೂ ಅಷ್ಟಕ್ಕಷ್ಟೆ. ವೆನಿಸ್ಸಿನ ಆಜ್ಞೆ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ನಡೆಯುತ್ತಿರಲಿಲ್ಲ. ಅಲ್ಲಿಯ ಮುದ್ರಕರು ಆಲ್ಡಸನ ಪುಸ್ತಕಗಳನ್ನು, ಅಕ್ಷರವನ್ನು, ಗಾತ್ರವನ್ನು ಎಲ್ಲವನ್ನೂ ನಕಲು ಮಾಡಿದರು. ರೋಸಿಹೋದ ಆಲ್ಡಸ್ 1503ರ ಮಾರ್ಚಿನಲ್ಲಿ ಒಂದು ಎಚ್ಚರಿಕೆಯ ಹಾಳೆ ಹೊರಡಿಸಿದ. ಲಿಯೋನಿನ ನಕಲಿ ಪ್ರತಿಗಳಲ್ಲಿ ಎಲ್ಲೆಲ್ಲಿ ಯಾವ ಯಾವ ಅಚ್ಚಿನ ತಪ್ಪುಗಳಿವೆ ಎಂದು ಪಟ್ಟಿ ಮಾಡಿ, ಇವುಗಳಿಂದ ನಕಲನ್ನು ಗುರುತಿಸಿ ಎಂದು ಕೊಳ್ಳುವವರಿಗೆ ತಿಳಿಸಿದ. ಲಿಯೋನಿನವರು ಆ ಹಾಳೆಯನ್ನು ತರಿಸಿಕೊಂಡು, ತಮ್ಮ ಮುಂದಿನ ಮುದ್ರಣದಲ್ಲಿ ಅಷ್ಟೂ ತಪ್ಪುಗಳನ್ನು ತಿದ್ದಿಕೊಂಡರು! ಕರಡು ತಿದ್ದುವ ಕೆಲಸವನ್ನು ಆಲ್ಡಸನೇ ಪುಕ್ಕಟೆಯಾಗಿ ಮಾಡಿಕೊಟ್ಟಂತಾಯಿತು.

ಇನ್ನು ದಪ್ಪಕ್ಷರದ ಕಥೆಗಾಗಿ ಮುನ್ನೂರು ವರ್ಷ ದಾಟಿ ಲಂಡನ್ನಿಗೆ ಬರಬೇಕು. ಮುದ್ರಣ ಶುರುವಾದ ಮೇಲೆ ಮೂರೂವರೆ ಶತಮಾನದವರೆಗೆ ಬೋಲ್ಡ್ ಎಂಬ ಕಲ್ಪನೆಯೇ ಇರಲಿಲ್ಲ ಎಂದರೆ ಇಂದು ನಂಬುವುದು ಕಷ್ಟ. ಯಾವುದಾದರೂ ಪದ ಎದ್ದು ಕಾಣಬೇಕಾದರೆ ಓರೆ ಮಾಡುತ್ತಿದ್ದರು, ಗಾತ್ರ ಹೆಚ್ಚಿಸುತ್ತಿದ್ದರು, ಕೆಂಪು ಶಾಯಿ ಬಳಸುತ್ತಿದ್ದರು. ಅಕ್ಷರವನ್ನೇ ದಪ್ಪ ಮಾಡಬೇಕೆಂಬ ಒತ್ತಡ ಹುಟ್ಟಿದ್ದು ಪುಸ್ತಕದಿಂದಲ್ಲ, ಬೀದಿಯ ಗೋಡೆಯಿಂದ. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಪ್ರತಿ ಜಾಹೀರಾತಿಗೂ ತೆರಿಗೆ ಇತ್ತು. 1833ರಲ್ಲಿ ಅದು ಇಳಿಯಿತು, 1853ರಲ್ಲಿ ಪೂರ್ತಿ ಹೋಯಿತು. ಗೋಡೆಗೆ ಅಂಟಿಸುವ ಹಾಳೆಗೆ ಆ ತೆರಿಗೆ ಇರಲಿಲ್ಲ. ಲಾಟರಿ, ನಾಟಕ, ಕುದುರೆ ಬಂಡಿ, ಬೂಟು ಪಾಲಿಶು - ಎಲ್ಲವೂ ಗೋಡೆ ಏರಿದವು. ಒಂದರ ಪಕ್ಕ ಇನ್ನೊಂದು, ಒಂದರ ಮೇಲೆ ಇನ್ನೊಂದು. ಪುಸ್ತಕದ ತೆಳು ಅಕ್ಷರವನ್ನೇ ಹಿಗ್ಗಿಸಿ ಹಾಕಿದರೆ ಆ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸಂತೆಯಲ್ಲಿ ಪಕ್ಕದವನು ಕೂಗಿದಷ್ಟೂ ನಾವು ದನಿ ಏರಿಸಬೇಕಾಗುತ್ತದೆ. ಮೊದಲು ದನಿ ಏರಿಸಿದವನು ಲಂಡನ್ನಿನ ಫ್ಯಾನ್ ಸ್ಟ್ರೀಟಿನಲ್ಲಿ ಮೊಳೆ ಎರಕಶಾಲೆ ನಡೆಸುತ್ತಿದ್ದ ರಾಬರ್ಟ್ ಥಾರ್ನ್. ಅವನು ಅಕ್ಷರದ ದಪ್ಪ ಗೆರೆಯನ್ನು ವಿಪರೀತ ಉಬ್ಬಿಸಿದ. ತೆಳು ಗೆರೆಯನ್ನು ಕೂದಲೆಳೆಯಷ್ಟೇ ಉಳಿಸಿದ. ಕಣ್ಣಿಗೇನೋ ಬಿತ್ತು. ಆದರೆ ಒರಟು ಕಾಗದದ ಮೇಲೆ ಗಟ್ಟಿಯಾಗಿ ಒತ್ತಿದಾಗ ಆ ಕೂದಲೆಳೆ ಮಾಸುವುದು, ಮುರಿಯುವುದು ನಡೆಯುತ್ತಲೇ ಇತ್ತು. ಮುಂದಿನ ಹೆಜ್ಜೆ ತಾನಾಗಿ ಹೊಳೆಯಬೇಕಾದದ್ದೇ: ತೆಳು ಗೆರೆಯನ್ನೂ ದಪ್ಪ ಮಾಡಿಬಿಡುವುದು, ತುದಿಯ ಚಾಚನ್ನೂ ಅಷ್ಟೇ ದಪ್ಪದ ಚಪ್ಪಡಿಯಾಗಿಸುವುದು. ವಿನ್ಸೆಂಟ್ ಫಿಗಿನ್ಸ್ ಎಂಬಾತನ ಮಾದರಿ ಪುಸ್ತಕದಲ್ಲಿ ಇಂಥ ಅಕ್ಷರ ಮೊದಲು ಕಾಣಿಸುತ್ತದೆ. ಪುಸ್ತಕದ ಮೇಲಿನ ವರ್ಷ 1815. ಆದರೆ ಅದರ ಕೆಲವು ಹಾಳೆಗಳನ್ನು ಬೆಳಕಿಗೆ ಹಿಡಿದರೆ ಒಳಗಿನ ನೀರುಗುರುತು 1817 ಎನ್ನುತ್ತದೆ. ಫಿಗಿನ್ಸ್ ಕೊಟ್ಟ ಹೆಸರು ಆಂಟೀಕ್. ಅದರಲ್ಲಿ ಇದ್ದದ್ದು ದೊಡ್ಡಕ್ಷರಗಳು ಮಾತ್ರ. ವೆನಿಸ್ಸಿನಲ್ಲಿ ಓರೆ ಹುಟ್ಟಿದಾಗ ಚಿಕ್ಕಕ್ಷರಕ್ಕಷ್ಟೇ ಸೀಮಿತವಾಗಿತ್ತು. ಚಪ್ಪಡಿ ಹುಟ್ಟಿದಾಗ ದೊಡ್ಡಕ್ಷರಕ್ಕಷ್ಟೇ. ಇವೆರಡೂ ಒಂದು ದಿನ ಕೂಡುತ್ತವೆ ಎಂದು ಎಣಿಸಲು ಯಾವ ಕಾರಣವೂ ಇರಲಿಲ್ಲ.

ಇದೇ ಬಗೆಯ ಅಕ್ಷರಕ್ಕೆ ಥಾರ್ನ್ ಕೊಟ್ಟ ಹೆಸರು ಈಜಿಪ್ಷಿಯನ್. ಈಜಿಪ್ಟಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. 1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ಏರಿಹೋದ ಮೇಲೆ, 1802ರಲ್ಲಿ ರೊಸೆಟ್ಟಾ ಶಿಲೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದ ಮೇಲೆ, ಲಂಡನ್ನಿಗೆ ಈಜಿಪ್ಟಿನ ಹುಚ್ಚು ಹಿಡಿದಿತ್ತು. ಕುರ್ಚಿ ಮೇಜುಗಳಿಗೂ ಸಿಂಹನಾರಿಯ ಮುಖ. ಹೊಸದು, ಭಾರಿಯಾದದ್ದು ಯಾವುದಿದ್ದರೂ ಅದು ಈಜಿಪ್ಷಿಯನ್. ಗೊಂದಲ ಎಷ್ಟೆಂದರೆ 1816ರ ಸುಮಾರಿಗೆ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಚಾಚೇ ಇಲ್ಲದ ಬೋಳು ಅಕ್ಷರವೊಂದನ್ನು ಅಚ್ಚಿಗೆ ತಂದಾಗ ಅದಕ್ಕೂ ಅದೇ ಹೆಸರು ಇಟ್ಟಿದ್ದ. ಶತಮಾನ ಕಳೆದು 1922ರಲ್ಲಿ ತುತಾಂಖಾಮನ್ ಸಮಾಧಿ ಸಿಕ್ಕಾಗ ಈ ಹುಚ್ಚು ಮರುಕಳಿಸಿತು. 1929ರಲ್ಲಿ ಜರ್ಮನಿಯಲ್ಲಿ ಬಂದ ಚಪ್ಪಡಿ ಅಕ್ಷರ ಮೆಂಫಿಸ್, ಅಮೆರಿಕದಲ್ಲಿ ಬಂದವು ಕೈರೋ, ಕಾರ್ನಾಕ್. ಎಲ್ಲವೂ ನೈಲ್ ನದಿಯ ದಂಡೆಯ ಹೆಸರುಗಳೇ.

ಥಾರ್ನ್ 1820ರಲ್ಲಿ ತೀರಿಕೊಂಡ. ಅವನ ಎರಕಶಾಲೆಯನ್ನು ಹರಾಜಿನಲ್ಲಿ ಕೊಂಡವನು ವಿಲಿಯಂ ಥೊರೊಗುಡ್ ಎಂಬ, ಮೊಳೆಯ ಕೆಲಸದ ಗಂಧವೇ ಇಲ್ಲದ ವ್ಯಕ್ತಿ. ಕೊಳ್ಳಲು ಹಣ ಬಂದದ್ದು ಲಾಟರಿಯಿಂದ ಎಂದು ಮುದ್ರಣದ ಇತಿಹಾಸ ಬರೆದವರು ಹೇಳುತ್ತಾರೆ. ಲಾಟರಿಯ ಭಿತ್ತಿಪತ್ರಗಳೇ ದಪ್ಪಕ್ಷರದ ಮುಖ್ಯ ಗಿರಾಕಿಗಳಾಗಿದ್ದ ಕಾಲದಲ್ಲಿ ಲಾಟರಿ ಹೊಡೆದವನೇ ದಪ್ಪಕ್ಷರದ ಒಡೆಯನಾದದ್ದು ಸೊಗಸಾಗಿಯೇ ಇದೆ. ಇಂಗ್ಲೆಂಡಿನ ಸರ್ಕಾರಿ ಲಾಟರಿ 1826ರಲ್ಲಿ ನಿಂತಿತು. ದಪ್ಪಕ್ಷರ ನಿಲ್ಲಲಿಲ್ಲ.

ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ಮುದ್ರಕ ಥಾಮಸ್ ಹ್ಯಾನ್ಸರ್ಡ್ 1825ರಲ್ಲಿ ಪ್ರಕಟಿಸಿದ ಮುದ್ರಣ ಶಾಸ್ತ್ರದ ಗ್ರಂಥದಲ್ಲಿ ಈ ಹೊಸ ಅಕ್ಷರಗಳನ್ನು ವಿಕಾರವೆಂದೇ ಜರೆದ. ಪುಸ್ತಕದ ದೃಷ್ಟಿಯಿಂದ ಅವನು ಹೇಳಿದ್ದು ಸರಿ. ಆದರೆ ಗೋಡೆಗೆ ಬೇಕಾದದ್ದು ಪುಸ್ತಕದ ಚೆಲುವಲ್ಲ ಎಂಬುದನ್ನು ಅವನು ಗಣನೆಗೆ ತೆಗೆದುಕೊಳ್ಳಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಆ ಶತಮಾನದ ಮೊದಲರ್ಧದಲ್ಲಿಯೇ ಎರಕಶಾಲೆಗಳ ಮಾದರಿ ಪುಸ್ತಕಗಳಲ್ಲಿ ಚಪ್ಪಡಿ ಅಕ್ಷರದ ವಾಲಿದ ರೂಪವೂ ಕಾಣಿಸಿಕೊಂಡಿತು. ಇದನ್ನು ಮಾಡುವುದು ಹೇಳಿದಷ್ಟು ಸುಲಭವಲ್ಲ. ಸೀಸದ ಮೊಳೆ ಎಂದರೆ ನೆಟ್ಟಗಿನ ಚೌಕ ಕಂಬ. ಅದರ ತಲೆಯ ಮೇಲೆ ವಾಲಿದ ಅಕ್ಷರ ಕೂರಿಸಿದರೆ ಬಲಮೇಲಿನ ಮೂಲೆ ಕಂಬದಿಂದ ಆಚೆಗೆ ಚಾಚಿ ಪಕ್ಕದ ಮೊಳೆಯ ಹೆಗಲ ಮೇಲೆ ಒರಗುತ್ತದೆ. ಮುಖ್ಯವಾಗಿ ಎಫ್ ಅಕ್ಷರದ ಕೊಕ್ಕೆ. ಯಂತ್ರದ ಒತ್ತಡ ಬಿದ್ದಾಗ ಮೊದಲು ಮುರಿಯುವುದು ಈ ಚಾಚಿದ ಭಾಗವೇ. ತೆಳು ಅಕ್ಷರದಲ್ಲಿ ಚಾಚು ಚಿಕ್ಕದು. ದಪ್ಪ ಚಪ್ಪಡಿಯದು ದೊಡ್ಡದು, ಭಾರವಾದದ್ದು. ಚಾಚದಂತೆ ಕಂಬವನ್ನೇ ಅಗಲ ಮಾಡಿದರೆ ಅಕ್ಷರಗಳ ನಡುವೆ ಹಲ್ಲು ಬಿದ್ದಂತೆ ಸಂದು ಕಾಣುತ್ತದೆ.

ಇದಕ್ಕಿಂತ ದೊಡ್ಡದು ಆಕಾರದ ತೊಡಕು. ನಿಜವಾದ ಇಟಾಲಿಕ್‌ನಲ್ಲಿ ಗೆರೆ ಕೆಳಗೆ ಬಂದು ಸಣ್ಣ ಬಾಲದಂತೆ ಮೇಲಕ್ಕೆ ತಿರುಗುತ್ತದೆ, ಲೇಖನಿ ಕಾಗದ ಬಿಟ್ಟು ಏಳುವಂತೆ. ಚಪ್ಪಡಿ ಅಕ್ಷರದಲ್ಲಿ ಗೆರೆ ನೆಲಕ್ಕೆ ಊರಿ ನಿಲ್ಲುತ್ತದೆ. ಏಳುವುದೋ ಊರುವುದೋ? ಬಾಲ ಇಟ್ಟರೆ ಚಪ್ಪಡಿ ಹೋಯಿತು, ಚಪ್ಪಡಿ ಇಟ್ಟರೆ ಕೈಬರಹದ ಓಟ ಹೋಯಿತು. 1929ರ ನಂತರ ಬಂದ ಜ್ಯಾಮಿತಿಯ ಚಪ್ಪಡಿ ಅಕ್ಷರಗಳು ಈ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಲಿಲ್ಲ; ನೆಟ್ಟಗಿದ್ದುದನ್ನು ಹಾಗೆಯೇ ವಾಲಿಸಿದವು. ಟ್ಯೂರಿನ್ನಿನ ನೆಬಿಯೊಲೊ ಎರಕಶಾಲೆಗೆ ಆಲ್ಡೊ ನೊವಾರೆಸೆ 1950ರ ದಶಕದಲ್ಲಿ ರೂಪಿಸಿದ ಎಜಿತ್ಸಿಯೊ ಈ ವಿಷಯದಲ್ಲಿ ಮೇಲ್ಪಂಕ್ತಿ. ಅದರ ಓರೆ ರೂಪದಲ್ಲಿ ಎಲ್ಲಿ ಚಪ್ಪಡಿ, ಎಲ್ಲಿ ಬಾಲ ಎಂಬುದನ್ನು ಒಂದೊಂದು ಅಕ್ಷರಕ್ಕೂ ಬೇರೆಯಾಗಿ ನಿಶ್ಚಯಿಸಿದ್ದಾರೆ. ದಪ್ಪ, ಓರೆ, ಚಪ್ಪಡಿ ಮೂರೂ ಜಗಳವಿಲ್ಲದೆ ಒಂದೇ ಮನೆಯಲ್ಲಿರುವುದನ್ನು ಅಲ್ಲಿ ಕಾಣಬಹುದು. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಅದನ್ನೇ ಆಧರಿಸಿ ಗಣಕಕ್ಕಾಗಿ ಬೆಲಿತ್ಸಿಯೊ ಎಂಬ ಅಕ್ಷರ ಸಿದ್ಧವಾಯಿತು.

ಕನ್ನಡದಲ್ಲಿ ಇಟಾಲಿಕ್ ಎಂಬ ಪ್ರತ್ಯೇಕ ಕೈಬರಹದ ಪರಂಪರೆ ಇಲ್ಲ. ಎತ್ತಿ ಹೇಳಬೇಕಾದ ಪದಕ್ಕೆ ದಪ್ಪಕ್ಷರ, ಇಲ್ಲವೇ ಉದ್ಧರಣ ಚಿಹ್ನೆ. ಈಗ ಗಣಕದಲ್ಲಿ ಒಂದು ಗುಂಡಿ ಒತ್ತಿದರೆ ಕನ್ನಡ ಅಕ್ಷರವೂ ವಾಲುತ್ತದೆ, ನಿಜ. ಆದರೆ ಠ, ರ, ಂ ಮುಂತಾದ ದುಂಡು ಆಕಾರಗಳು ಒರಗಿಸಿಟ್ಟ ಮೊಟ್ಟೆಯಂತಾಗುತ್ತವೆ, ತಲೆಕಟ್ಟು ಜಾರುತ್ತದೆ. ಅಲ್ಲಿ ನಿಶ್ಚಯಿಸಿದ್ದು ಯಂತ್ರ, ಯಾರ ಕಣ್ಣೂ ಅಲ್ಲ. ನೊವಾರೆಸೆ ಪಟ್ಟ ಶ್ರಮ ಏನೆಂದು ತಿಳಿಯಲು ಇದೊಂದು ಸುಲಭ ಹೋಲಿಕೆ.

ಈಗ ಲಂಡನ್ನಿನ ಫ್ಯಾನ್ ಸ್ಟ್ರೀಟಿಗೆ ಮರಳೋಣ. ಥೊರೊಗುಡ್‌ನ ಪಾಲುದಾರನಾಗಿ ಅಲ್ಲಿಗೆ ಬಂದ ರಾಬರ್ಟ್ ಬೆಸ್ಲಿ ಚುರುಕು ವ್ಯಾಪಾರಿ. ಈಜಿಪ್ಷಿಯನ್ ಗೋಡೆಗೆ ಸರಿ, ಆದರೆ ಪುಸ್ತಕದೊಳಗೆ, ಸಾಮಾನ್ಯ ಅಕ್ಷರಗಳ ನಡುವೆ ಒಂದು ಪದವನ್ನು ಮಾತ್ರ ಎದ್ದು ಕಾಣಿಸುವಂಥ ಹದವಾದ ದಪ್ಪಕ್ಷರ ಇದ್ದರೆ ಹೇಗೆ ಎಂದು ಅವನ ಯೋಚನೆ. ಅವನ ಎರಕಶಾಲೆಯ ಕೆತ್ತನೆಗಾರ ಬೆಂಜಮಿನ್ ಫಾಕ್ಸ್ ಅಂಥದನ್ನು ಕೆತ್ತಿಕೊಟ್ಟ. ಚಪ್ಪಡಿಯ ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ, ಗೆರೆಗೂ ಪಾದಕ್ಕೂ ಬಾಗಿದ ಸೇರುವೆ ಕೊಟ್ಟಿದ್ದ. 1845ರಲ್ಲಿ ಅದು ಕ್ಲಾರೆಂಡನ್ ಎಂಬ ಹೆಸರಿನಿಂದ ಹೊರಬಂತು. ಮುಂದೆ ಆಕ್ಸ್‌ಫರ್ಡಿನ ಮಹಾನಿಘಂಟಿನ ಮುಖ್ಯ ಪದಗಳೆಲ್ಲ ಅಚ್ಚಾದದ್ದು ಕ್ಲಾರೆಂಡನ್ ಮಾದರಿಯ ಅಕ್ಷರದಲ್ಲೇ.

ಬೆಸ್ಲಿ 1842ರ ವಿನ್ಯಾಸ ಕಾಯಿದೆಯಡಿ ಕ್ಲಾರೆಂಡನ್ನನ್ನು ನೋಂದಾಯಿಸಿದ. ಹೀಗೆ ನೋಂದಣಿಯಾದ ಮೊದಲ ಅಚ್ಚಕ್ಷರ ಇದೇ ಎನ್ನುತ್ತಾರೆ. ಆ ಕಾಯಿದೆ ಕೊಟ್ಟ ರಕ್ಷಣೆ ಕೇವಲ 3 ವರ್ಷ. ಕೆತ್ತಿ, ಎರೆದು, ಊರೂರಿನ ಅಚ್ಚುಕೂಟಗಳಿಗೆ ಮಾರಾಟ ಮಾಡುವಷ್ಟರಲ್ಲಿ ಆ ಅವಧಿ ಮುಗಿದೇಹೋಗುತ್ತಿತ್ತು. ಇದೇ ದಶಕದಲ್ಲಿ ವಿದ್ಯುತ್ತಿನಿಂದ ತಾಮ್ರದ ಲೇಪ ಕೊಡುವ ವಿಧಾನ ಮೊಳೆ ಎರಕಕ್ಕೂ ಬಂತು. ಇನ್ನೊಬ್ಬರ ಮೊಳೆಗಳನ್ನು ಒಂದು ಜೊತೆ ಕೊಂಡು ತಂದು, ಅವುಗಳ ಮೇಲೆ ತಾಮ್ರ ಕೂರಿಸಿ, ಕಳಚಿದರೆ ಮಾತೃಕೆ ಸಿದ್ಧ. ತಿಂಗಳುಗಟ್ಟಲೆ ಉಕ್ಕು ಕೆತ್ತಿದವನ ಕೆಲಸವನ್ನು ಕೆಲವೇ ದಿನಗಳಲ್ಲಿ ಕದಿಯಬಹುದಾಗಿತ್ತು. ಮೂರು ವರ್ಷ ಮುಗಿದೊಡನೆ ಬೇರೆ ಎರಕಶಾಲೆಗಳು ಕ್ಲಾರೆಂಡನ್ನನ್ನು ಹೆಸರಿನ ಸಮೇತ ಮಾರತೊಡಗಿದವು. ಬೆಸ್ಲಿ ಬಹಿರಂಗವಾಗಿಯೇ ಪ್ರತಿಭಟಿಸಿದ. ಆದರೆ ಕಾನೂನು ಅವನ ಕೈ ಬಿಟ್ಟಿತ್ತು. ಅಷ್ಟರಲ್ಲಿ ಕ್ಲಾರೆಂಡನ್ ಎಂಬುದು ಒಂದು ಮೊಳೆಯ ಹೆಸರಾಗಿ ಉಳಿಯದೆ ಒಂದು ಜಾತಿಯ ಹೆಸರೇ ಆಗಿಬಿಟ್ಟಿತು.

ಅಮೆರಿಕದಲ್ಲಿ ಈ ಜಾತಿ ಇನ್ನೂ ಹಬ್ಬಿತು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡಿದ್ದ. 1834ರಲ್ಲಿ ಅದಕ್ಕೆ ಪ್ಯಾಂಟೊಗ್ರಾಫ್ ಸೇರಿತು. ಒಂದು ಮಾದರಿಯ ಅಂಚಿನ ಮೇಲೆ ಕಡ್ಡಿ ಓಡಿಸಿದರೆ ಬೇಕಾದ ಗಾತ್ರದ ಅಕ್ಷರವನ್ನು ಇನ್ನೊಂದು ತುದಿಯ ಕೊರಕ ಮರದಲ್ಲಿ ಕೊರೆಯುತ್ತಿತ್ತು. ಸೀಸಕ್ಕಿಂತ ಹಗುರ, ಅಗ್ಗ, ಆಳೆತ್ತರದ ಹಾಳೆಗೂ ಸಾಕಾಗುವಷ್ಟು ದೊಡ್ಡದು. ಪಶ್ಚಿಮದ ಕೌಬಾಯ್ ಸಿನಿಮಾಗಳಲ್ಲಿ 'ಬೇಕಾಗಿದ್ದಾನೆ' ಎಂಬ ಪೊಲೀಸ್ ಪ್ರಕಟಣೆಯ ಮೇಲೆ ಕಾಣುವ ದಪ್ಪ ಪಾದದ ಅಕ್ಷರ ಈ ಸಂತತಿಯದೇ.

ಕಾನೂನಿನ ವಿಷಯದಲ್ಲಿ ಅಮೆರಿಕ ಇಂದಿಗೂ ನಕಲು ಮಾಡುವವನ ಕಡೆಗೇ ವಾಲಿದೆ. ಅಕ್ಷರದ ಆಕಾರಕ್ಕೆ ಹಕ್ಕುಸ್ವಾಮ್ಯ ಕೊಡಲಾಗದು ಎಂದು 1978ರಲ್ಲಿ ಅಲ್ಲಿಯ ನ್ಯಾಯಾಲಯವೊಂದು ಎಲ್ಟ್ರಾ ಕಂಪೆನಿಯ ಪ್ರಕರಣದಲ್ಲಿ ಹೇಳಿತು. ಗಣಕದೊಳಗಿನ ಕಡತಕ್ಕೆ ರಕ್ಷಣೆ ಉಂಟು. ಹೆಸರಿಗೆ ವ್ಯಾಪಾರಮುದ್ರೆಯ ರಕ್ಷಣೆ ಉಂಟು. ಕಾಗದದ ಮೇಲೆ ಬಿದ್ದ ಆಕಾರಕ್ಕೆ ಹಕ್ಕುಸ್ವಾಮ್ಯ ಇಲ್ಲ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 'ಎ' ಅಕ್ಷರವನ್ನು ಯಾರಿಗಾದರೂ ಪಟ್ಟಾ ಮಾಡಿಕೊಟ್ಟರೆ ಉಳಿದವರು ಬರೆಯುವುದು ಹೇಗೆ? ಬ್ರಿಟನ್ 1988ರ ಕಾಯಿದೆಯಲ್ಲಿ 25 ವರ್ಷದ ರಕ್ಷಣೆ ಕೊಟ್ಟು ನಡುದಾರಿ ಹಿಡಿಯಿತು. ಬೆಸ್ಲಿಗೆ ಸಿಕ್ಕಿದ್ದರ ಎಂಟು ಪಟ್ಟಿಗೂ ಹೆಚ್ಚು. ಎಲ್ಲ ದೇಶಗಳಿಗೂ ಒಂದೇ ನಿಯಮ ಇರಲೆಂದು 1973ರಲ್ಲಿ ವಿಯೆನ್ನಾದಲ್ಲಿ ಒಪ್ಪಂದವೊಂದನ್ನು ಬರೆದರು. ಸಾಕಷ್ಟು ದೇಶಗಳು ಅನುಮೋದಿಸದೆ ಅದು ಜಾರಿಗೇ ಬರಲಿಲ್ಲ.

ಕೆತ್ತಿದವರ ಗತಿ ಏನಾಯಿತೆಂಬುದನ್ನು ಹೇಳಿ ಮುಗಿಸುತ್ತೇನೆ. ಬೆಂಜಮಿನ್ ಫಾಕ್ಸ್ ಗ್ರಿಫೊನಷ್ಟು ದುರದೃಷ್ಟಶಾಲಿಯಲ್ಲ. 1849ರಲ್ಲಿ ಥೊರೊಗುಡ್ ನಿವೃತ್ತನಾದಾಗ ಬೆಸ್ಲಿ ಅವನನ್ನು ಪಾಲುದಾರನನ್ನಾಗಿ ಮಾಡಿಕೊಂಡ. ಬೆಸ್ಲಿ ಮುಂದೆ 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರನೂ ಆದ. ಇತ್ತ ಗ್ರಿಫೊ 1490ರ ದಶಕದಲ್ಲಿ ಆಲ್ಡಸನಿಗೆ ಕೆತ್ತಿಕೊಟ್ಟಿದ್ದ ನೆಟ್ಟಗಿನ ಅಕ್ಷರವನ್ನು 1929ರಲ್ಲಿ ಇಂಗ್ಲೆಂಡಿನ ಮಾನೊಟೈಪ್ ಕಂಪೆನಿ ಮತ್ತೆ ಜೀವಂತಗೊಳಿಸಿತು. ಆ ಅಕ್ಷರದಲ್ಲಿ ಆಲ್ಡಸ್ ಅಚ್ಚು ಹಾಕಿದ್ದ ಪುಸ್ತಕದ ಲೇಖಕ ಪಿಯೆತ್ರೊ ಬೆಂಬೊ. ಕಂಪೆನಿ ಅಕ್ಷರಕ್ಕೆ ಬೆಂಬೊ ಎಂದೇ ಹೆಸರಿಟ್ಟಿತು.

ಈಚಿನ ವರ್ಷಗಳಲ್ಲಿ ಕ್ಲಾರೆಂಡನ್ ಮಾದರಿಯ ಹೊಸ ಅಕ್ಷರವೊಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತಿದೆ. ಅದರಲ್ಲಿ ನಾವು ಮೊದಲಿಗೆ ಹೇಳಿದ ದಪ್ಪ, ಓರೆ, ಚಪ್ಪಡಿ ಪಾದದ ರೂಪವೂ ಇದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ನಕಲು ಮಾಡಬಹುದು, ತಿದ್ದಿ ಹಂಚಬಹುದು ಎಂದು ಅದರ ಪರವಾನಗಿಯಲ್ಲೇ ಬರೆದಿದೆ. ಆ ಅಕ್ಷರದ ಹೆಸರು ಬೆಸ್ಲಿ.